ಖಾನೆ

ಸೋಮವಾರ ಬೆಳಗಾಗಿ ಇನ್ನೂ ಚಹಾ ಕುಡಿದಿರಲಿಲ್ಲ,
ಬೆಟಗೇರಿ ನೇಕಾರರ ಸೊಸೈಟಿಯಿಂದ ಫೋನು:
‘ನಿಮ್ಮ ಆ್ಯಪಿನ್ಯಾಗ ಅಂಬೂಬಾಯಿಗೆ ಮೀಸಿ ಬಂದಾವ್ರಿ.’

ಹೋಗಿ ನೋಡಿದರೆ ಹೌದು.
ಸದಸ್ಯ ನಂಬರು ಒಂದು, ಅಂದಾನೆಪ್ಪ ಗಂಜಿ,
ಹುರಿ ಮೀಸೆ, ಹಣೆ ತುಂಬ ವಿಭೂತಿ,
ಬೆನ್ನ ಹಿಂದೆ ಸ್ಟುಡಿಯೋದ ನೀಲಿ ಪರದೆ.
ಪಟ್ಟಿಯನ್ನು ಬೆರಳಿನಿಂದ ಮೇಲೆ ತಳ್ಳಿದರೆ
ಅಂಬೂಬಾಯಿ ಬಾಕಳೆ ಹೆಸರಿನ ಪಕ್ಕ ಅದೇ ಮೀಸೆ,
ಇನ್ನೂ ತಳ್ಳಿದರೆ ಶಾರವ್ವನ ಪಕ್ಕ,
ರುಕ್ಮವ್ವಗೆ ಮಾತ್ರ ಖಜಾಂಚಿಯ ಕನ್ನಡಕ.
ಮಂದಿ ನಕ್ಕೂ ನಕ್ಕೂ ಸಾಕಾಗಿ ಕೂತಿದ್ದರು.
‘ಹಂಗಾರ ಇವರೆಲ್ಲರ ಡಿವಿಡೆಂಡು ನನಗs ಕೊಡ್ರಿ’
ಅಂದ ಅಂದಾನೆಪ್ಪ.

ಅಕ್ಷರದ ತಕರಾರು ಬೇರೆ.
ಶಾರವ್ವನ ಕೊನೆಯ ವ-ಒತ್ತು
ಗೆರೆಗೆ ಸಿಕ್ಕು ಅರ್ಧಕ್ಕೆ ಕತ್ತರಿಸಿತ್ತು.
ಉದ್ದ ಹೆಸರಿನವರ ಅಡ್ಡಹೆಸರು
ಮೂರು ಚುಕ್ಕಿಯಾಗಿ ಉದುರಿತ್ತು.

ನನ್ನ ಕೋಣೆ ಗದಗಿನ ಹಳೆಯ ಪ್ರೆಸ್ಸಿನ ಮಾಳಿಗೆ ಮೇಲೆ.
ಕೆಳಗೆ ಮಷಿನ್ನು ನಿಂತು ಹದಿನಾಲ್ಕು ವರ್ಷ,
ದಾವಲಸಾಬ ಮಾತ್ರ ದಿನಾ ಬಂದು ಬಾಗಿಲು ತೆಗೀತಾನೆ,
ಮೊಳೆ ಒರೆಸ್ತಾನೆ, ಪೇಪರು ಓದ್ತಾನೆ, ಹೋಗ್ತಾನೆ.
ರಾತ್ರಿ ಅವನಿಗೆ ಫೋನು ತೋರಿಸಿದೆ.
ಇನ್ನೂರ ಹನ್ನೆರಡು ಮಂದಿ, ಖಾನೆ ಒಂಬತ್ತೇ ಇರೋದು ಚಾಚಾ,
ಮೇಲೆ ಹೋಗಿ ಮರೆಯಾದದ್ದೇ
ಕೆಳಗಿಂದ ಹೊಸಬರಿಗೆ ಬರ್ತದ, ಅಂದೆ.

ಅವ ಕನ್ನಡಕ ಹಣೆಗೇರಿಸಿದ.
‘ಇದಕ್ಯಾಕ ಇಷ್ಟ ತಲಿ ಕೆಡಿಸ್ಕೊಂಡಿ?
ನರೇಗಲ್ಲದ ಲಗ್ನಪತ್ರಿಕಿ ಮುಗಿಸಿ
ಅದs ಚೌಕಟ್ಟಿನ್ಯಾಗ ಡಂಬಳದ್ದು ಕಟ್ಟಿದ್ದೆ.
ಅವಸರದಾಗ ಒಂದು ಸಾಲು ಬಿಡಿಸಲಿಲ್ಲ.
ಡಂಬಳದ ಹುಡುಗಿಗೆ ನರೇಗಲ್ಲದ ವರ.
ಆರುನೂರು ಪ್ರತಿ.
ಮಾಲಕ ಪಗಾರ ಮುರಕೊಂಡ, ಇರಲಿ.
ಹೊಸಾದು ಕಟ್ಟೂಮುಂದ ಹಳೇದು ಬಿಡಿಸಬೇಕು, ಮಗಳs,
ಮೊಳಿ ಮೊಳಿ ಬಿಡಿಸಿ ಖಾನೆಗೆ ಹಾಕಬೇಕು.’

ಆಮೇಲೆ ಕತ್ತರಿಸಿದ ಒತ್ತಿನ ಮೇಲೆ ಉಗುರಿಟ್ಟ:
‘ಸಾಲಿನ ನಡುವ ಸೀಸದ ಪಟ್ಟಿ ಎಲ್ಲಿ?
ಕನ್ನಡ ಅಕ್ಷರ ಕಾಲು ಚಾಚಿ ಕೂಡ್ತದ.
ಜಾಗಾ ಕೊಡು.’

ಕೊಟ್ಟೆ. ಹನ್ನೆರಡರ ಸುಮಾರಿಗೆ
ಎರಡೇ ಸಾಲು ಬರೆದೆ:
ಖಾನೆ ಕೈಗೆ ಬಂದ ಕೂಡಲೇ ಚಿತ್ರ ಅಳಿಸು.
ನೆಟ್‌ವರ್ಕಿನಲ್ಲಿ ತಡವಾಗಿ ಬಂದ ಮುಖವನ್ನು
ಬಾಗಿಲಲ್ಲಿ ನಿಲ್ಲಿಸಿ ಕೇಳು,
ಈ ಮನೆ ಇನ್ನೂ ನಿನ್ನದೇ ಏನು?

ಮೀಸೆ ಹೋಯಿತು.
ಅದು ಇದ್ದ ಕಡೆಯೆಲ್ಲ ಬೂದು ಚೌಕ.
ಎಣಿಸಿದೆ, ಹನ್ನೊಂದು.
ಹನ್ನೊಂದೂ ಹೆಂಗಸರು.

ಫೋಟೋ ತೆಗೆದ ದಿನ
ಸೊಸೈಟಿ ಆಫೀಸಿನ ಮುಂದೆ ಗಂಡಸರು ಸಾಲು ಹಿಡಿದಿದ್ದರು,
ನಾನೇ ಹೆಸರು ಕೂಗಿದ್ದೆ.
ಇವರು ಮನೆಯಲ್ಲಿ ಕಂಡಿಕೆ ಸುತ್ತುತ್ತಿದ್ದರು.
ಬರಲಿಲ್ಲ ಯಾಕೆ ಅಂತ ಕೇಳುವುದು
ನನ್ನ ಪ್ರೋಗ್ರಾಮಿನಲ್ಲಿ ಇರಲಿಲ್ಲ, ನನ್ನಲ್ಲೂ.
ಅಂದಾನೆಪ್ಪನ ಮೀಸೆ ಬೀಳದಿದ್ದರೆ
ಗೊತ್ತೇ ಆಗುತ್ತಿರಲಿಲ್ಲ.

ಮರುದಿನ ಓಣಿಯಲ್ಲಿ ಅಂಬೂಬಾಯಿ ಹಿಡಿದು ನಿಲ್ಲಿಸಿದಳು:
‘ಮೀಸಿ ತಗದಿ, ಚಲೋ ಆತು.
ಈಗ ಮುಖಾ ಹಚ್ಚು.’

ಕುಣಿಮಗ್ಗದಲ್ಲಿ ಕೂತಳು, ಸೊಂಟದವರೆಗೆ ನೆಲದೊಳಗೆ,
ಒಂದೇ ಕಿಟಕಿ, ಒಂದೇ ಬೆಳಕು.
ತೆಗೆದು ತೋರಿಸಿದೆ.
ಚೌಕದಲ್ಲಿ ಮುಖ ತುಂಬಿತ್ತು,
ಲಾಳಿ ಹಿಡಿದ ಕೈ ಹೊರಗೆ ಉಳಿದಿತ್ತು.
‘ಕೈ ಎಲ್ಲಿ?’ ಅಂದಳು.
ಚಿತ್ರ ಕುಗ್ಗಿಸಿದರೆ ಮುಖ ಸಾಸಿವೆ ಕಾಳು,
ಹಿಗ್ಗಿಸಿದರೆ ಮೊಣಕೈಗೇ ಕತ್ತರಿ.
ಜಗಲಿ ಮೇಲೆ ಕೂತು ಅಲ್ಲೇ ಲ್ಯಾಪ್‌ಟಾಪು ಬಿಚ್ಚಿ
ಅವಳ ಖಾನೆಯನ್ನೇ ಎತ್ತರ ಮಾಡಿದೆ.

ಈಗ ಪಟ್ಟಿ ಓಡುತ್ತ ಓಡುತ್ತ
ಅಲ್ಲಿ ಸ್ವಲ್ಪ ಎಡವಿದ ಹಾಗೆ ಕಾಣುತ್ತದೆ.
ಅದನ್ನು ಸರಿ ಮಾಡಲು ಕೂತಿಲ್ಲ ನಾನು.
ಇನ್ನೂ ಹತ್ತು ಮನೆ ತಿರುಗಬೇಕು.
ಅಂದಾನೆಪ್ಪಗೆ ಮಾತ್ರ ಒಂದಿಷ್ಟು ಬೇಸರ,
ಒಂದೇ ಕಡೆ ಕಾಣ್ತೀನಿ ಅಂತ.